ಒಕ್ಕೂಟದ ಪುಟ ಕನ್ನಡ ಮಾತಾಡಿದ್ದು

ಕುಬಿಹಾಳದ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಪುಸ್ತಕ ಓದಲು ಬರುವವರಿಗಿಂತ ಅರ್ಜಿ ತುಂಬಿಸಿಕೊಳ್ಳಲು ಬರುವವರೇ ಹೆಚ್ಚು. ಪಹಣಿ, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ, ಬೆಳೆ ವಿಮೆ, ಏನೇ ಇರಲಿ, ಊರಿನವರು ಕಾಗದ ಹಿಡಿದು ಸೌಂದರ್ಯಾಳ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಅವಳು ಅಲ್ಲಿಯ ಮೇಲ್ವಿಚಾರಕಿ. ವಯಸ್ಸು ಇಪ್ಪತ್ತೊಂಬತ್ತು. ಆರನೆಯ ವರ್ಷದಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಹುಬ್ಬಳ್ಳಿಯ ಅಂಧರ ಶಾಲೆಯಲ್ಲಿ ಕಲಿತು, ಬಿ.ಎ. ಮುಗಿಸಿ, ಪರೀಕ್ಷೆ ಬರೆದು ತನ್ನೂರಿನಲ್ಲೇ ಈ ಕೆಲಸ ಹಿಡಿದಿದ್ದಳು.

ಕಣ್ಣಿಲ್ಲದವಳು ಕಣ್ಣಿದ್ದವರಿಗೆ ಅರ್ಜಿ ತುಂಬಿಕೊಡುವುದು ಮೊದಮೊದಲು ಊರಿಗೆ ವಿಚಿತ್ರವಾಗಿ ಕಂಡಿತ್ತು. ಆಮೇಲೆ ರೂಢಿಯಾಯಿತು. ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ವ್ಯವಸ್ಥೆ ಅವಳ ಫೋನಿನಲ್ಲೂ ಗ್ರಂಥಾಲಯದ ಕಂಪ್ಯೂಟರಿನಲ್ಲೂ ಇತ್ತು. ಅದನ್ನು ಅವಳು ಎಷ್ಟು ವೇಗವಾಗಿ ಓದಿಸುತ್ತಿದ್ದಳೆಂದರೆ ಎದುರು ಕೂತವರಿಗೆ ಜೀರುಂಡೆ ಕೂಗಿದಂತೆ ಕೇಳುತ್ತಿತ್ತು, ಅವಳಿಗೆ ಮಾತ್ರ ಒಂದೊಂದು ಅಕ್ಷರವೂ ಸ್ಪಷ್ಟ. ಪಕ್ಕದ ಊರು ಸಂಶಿಗೆ ಹೋಗಿ ಅಂಗಡಿಯಲ್ಲಿ ಪಾಳಿ ನಿಂತು ಅರ್ಜಿ ತುಂಬಿಸುತ್ತಿದ್ದವರೂ ಈಗ ಇವಳ ಕಡೆಗೇ ಬರತೊಡಗಿದ್ದರು. ಅವಳು ತುಂಬಿದ ಅರ್ಜಿ ತಪ್ಪಿದೆ ಎಂದು ವಾಪಸು ಬಂದದ್ದಿರಲಿಲ್ಲ. ಹೊರಗೆ ಹೇಳಿಕೊಳ್ಳದಿದ್ದರೂ ಈ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ವರ್ಷ ಜನವರಿಯಲ್ಲಿ, ಮೆಣಸಿನಕಾಯಿ ಹಂಗಾಮಿನ ಹೊತ್ತಿಗೆ, ಆ ಹೆಮ್ಮೆಗೆ ಏಟು ಬಿತ್ತು.

ತಾಲೂಕಿನ ಮೆಣಸಿನಕಾಯಿ ಬೆಳೆಗಾರರದೊಂದು ಒಕ್ಕೂಟವಿತ್ತು. ಕಾಯಿ ಒಣಗಿಸಿ ಚೀಲ ಕಟ್ಟಿದ ರೈತ ಅದನ್ನು ಕುಂದಗೋಳದ ಖರೀದಿ ಕೇಂದ್ರಕ್ಕೆ ಯಾವ ದಿನ ತರಬೇಕೆಂಬುದನ್ನು ಒಕ್ಕೂಟದ ವೆಬ್ ಪುಟದಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಊರಿನವರು ಇದಕ್ಕೆ ಪಾಳಿ ಹಚ್ಚುವುದು ಎನ್ನುತ್ತಿದ್ದರು. ಹಳೆಯ ಪುಟ ನೋಡಲು ಸಾದಾ ಇದ್ದರೂ ಸೌಂದರ್ಯಾಳ ಫೋನ್ ಅದನ್ನು ಸಲೀಸಾಗಿ ಓದುತ್ತಿತ್ತು. ಆ ವರ್ಷ ಒಕ್ಕೂಟದವರು ಅದನ್ನು ತೆಗೆದು ಹೊಸದನ್ನು ಹಾಕಿದರು. ಬಣ್ಣ, ಚಿತ್ರ, ಹೊಳಪು ಎಲ್ಲ ಇದೆ ಎಂದು ನೋಡಿದವರು ಹೊಗಳಿದ್ದರು.

ಸೌಂದರ್ಯಾಳ ಚಿಕ್ಕಪ್ಪ ಹೊಳೆಪ್ಪ ಗುರುವಾರಕ್ಕೆ ಎಂಟು ಚೀಲದ ಪಾಳಿ ಹಚ್ಚಿಟ್ಟಿದ್ದ. ಚೀಲ ಹನ್ನೊಂದಾದವು, ಅದನ್ನಷ್ಟು ತಿದ್ದಿಕೊಡು ಎಂದು ಸೋಮವಾರ ಗ್ರಂಥಾಲಯಕ್ಕೆ ಬಂದ. ಸೌಂದರ್ಯಾ ಹೊಸ ಪುಟ ತೆರೆದಳು. ಫೋನ್ ‘ಬಟನ್’ ಎಂದಿತು. ಮತ್ತೆ ‘ಬಟನ್’ ಎಂದಿತು. ಆಮೇಲೆ ‘ಚಿತ್ರ’, ಮತ್ತೆ ‘ಬಟನ್’. ಯಾವುದು ಏನು ಮಾಡುವ ಬಟನ್ ಎಂಬ ಮಾತೇ ಇಲ್ಲ. ಕನ್ನಡದಲ್ಲಿ ಬರೆದದ್ದು ಬಂದಾಗ ಫೋನ್ ಇಂಗ್ಲಿಷಿನ ಧ್ವನಿಗೆ ತಿರುಗಿ, ಕನ್ನಡವನ್ನೆಲ್ಲ ನುಂಗಿ ನಡುವಿನ ಅಂಕಿಗಳನ್ನಷ್ಟೇ ಹೇಳುತ್ತಿತ್ತು. ಅವಳು ಮೂರು ಸಲ ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಆಗುವುದಿಲ್ಲ ಎಂದು ಅಲ್ಲಿಗೇ ಬಿಡಬಹುದಿತ್ತು. ಆದರೆ ಕಾಕಾ ಎದುರಿಗೆ ಕೂತಿದ್ದ, ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು, ಆಗುವುದಿಲ್ಲ ಎಂಬ ಮಾತು ಆ ಮೇಜಿನಿಂದ ಅದುವರೆಗೆ ಹೊರಟಿರಲಿಲ್ಲ. ಹಳೆಯ ಪುಟದ ನೆನಪಿನ ಮೇಲೆ ಮೂರನೆಯ ಬಟನ್ ಇರಬೇಕೆಂದು ಅಂದಾಜು ಮಾಡಿ ಒತ್ತಿದಳು. ಫೋನ್ ಏನೋ ಗೊಣಗಿ ಸುಮ್ಮನಾಯಿತು. ಆಯಿತು ಕಾಕಾ ಎಂದಳು.

ಗುರುವಾರ ಹೊಳೆಪ್ಪ ಟ್ರ್ಯಾಕ್ಟರಿನಲ್ಲಿ ಹನ್ನೊಂದು ಚೀಲ ಹೇರಿಕೊಂಡು ಕುಂದಗೋಳಕ್ಕೆ ಹೋದ. ಗೇಟಿನಲ್ಲೇ ತಡೆದರು. ಅವನ ಪಾಳಿ ಸೋಮವಾರವೇ ರದ್ದಾಗಿತ್ತು. ಸೌಂದರ್ಯಾ ಒತ್ತಿದ್ದು ರದ್ದು ಮಾಡುವ ಬಟನ್. ಮುಂದಿನ ಪಾಳಿ ಸಿಕ್ಕಿದ್ದು ಒಂಬತ್ತು ದಿನ ಬಿಟ್ಟು.

ಹೊಳೆಪ್ಪ ಅವಳಿಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಸಂಜೆ ಮನೆಗೆ ಬಂದು, ಚಹಾ ಕುಡಿದು, ಹೀಗಾಯಿತು ನೋಡು ಎಂದು ಹೇಳಿ ಹೋದ. ಆದರೆ ಸುದ್ದಿ ನಿಲ್ಲುವುದೇ? ಮರುದಿನ ಗ್ರಂಥಾಲಯದ ಕಟ್ಟೆಯ ಮೇಲೆ ಕೂತವನೊಬ್ಬ, ಇನ್ನು ಮೇಲೆ ಕಣ್ಣಿದ್ದವರ ಕಡೆ ತುಂಬಿಸಬೇಕಪ್ಪ ಎಂದದ್ದು ಒಳಗಿದ್ದ ಅವಳಿಗೆ ಕೇಳಿಸಿತು. ಆ ವಾರ ಅವಳ ಮೇಜಿನ ಮುಂದೆ ಬಂದವರು ಇಬ್ಬರೇ. ಅವರೂ ಪುಸ್ತಕ ಕೇಳಲು ಬಂದವರು.

ಮುಂದಿನ ವಾರ ಅವಳು ರಜೆ ಹಾಕಿ ಕುಂದಗೋಳದ ಬಸ್ಸು ಹತ್ತಿದಳು.

ಒಕ್ಕೂಟದ ವ್ಯವಸ್ಥಾಪಕ ಪ್ರಭಂಜನ ಐವತ್ತರ ಹತ್ತಿರದ ಮನುಷ್ಯ, ಸಭ್ಯಸ್ಥ. ಅವಳನ್ನು ಕೂರಿಸಿ, ನೀರು ತರಿಸಿ, ಎಲ್ಲವನ್ನೂ ಕೇಳಿಸಿಕೊಂಡ. ಹುಬ್ಬಳ್ಳಿಯ ಕಂಪನಿಯಿಂದ ಮಾಡಿಸಿದ ಪುಟ, ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ ಎಂದ.

“ಇಷ್ಟ ಸಣ್ಣ ಮಾತಿಗೆ ನೀವು ಬಸ್ ಹತ್ತಿ ಬರೋದು ಬ್ಯಾಡಾಗಿತ್ತಲ್ರಿ. ಒಂದು ಫೋನ್ ಹಚ್ಚಿದ್ರ ನಮ್ಮವರೇ ತುಂಬಿ ಕೊಡ್ತಿದ್ರು” ಎಂದ. ಅವನ ದನಿಯಲ್ಲಿ ಕರುಣೆಯಿತ್ತು. ಅದೇ ಅವಳಿಗೆ ಚುಚ್ಚಿತು.

“ನಾ ಊರ ಮಂದಿಗೆ ತುಂಬಿ ಕೊಡಾಕಿ ಸರ್” ಎಂದಳು. “ನನಗ ಯಾರರ ತುಂಬಿ ಕೊಡ್ರಿ ಅಂತ ಕೇಳಾಕ ಬಂದಿಲ್ರಿ. ಪುಟಾ ನೆಟ್ಟಗ ಮಾಡ್ರಿ ಅಂತ ಹೇಳಾಕ ಬಂದೇನಿ.”

ಪ್ರಭಂಜನ ನೋಡೋಣ ಎಂದ. ಆ ನೋಡೋಣದ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಓದಿನ ದಿನಗಳ ಒಂದು ತರಬೇತಿ ನೆನಪಾಯಿತು. ವೆಬ್ ಪುಟಗಳು ಎಲ್ಲರ ಕೈಗೂ ಎಟಕುವಂತೆ ಇರಬೇಕು, ಕಣ್ಣಿಲ್ಲದವರಿಗೂ, ಕಿವಿ ಕೇಳದವರಿಗೂ, ಕೈ ನಡುಗುವವರಿಗೂ ಎಂದು ಜಗತ್ತಿನ ತಜ್ಞರೆಲ್ಲ ಕೂಡಿ ಒಂದು ಮಾನದಂಡ ಬರೆದಿದ್ದಾರೆ, ಅದು ಯಾರು ಬೇಕಾದರೂ ಓದುವಂತೆ ಬಿಟ್ಟಿಯಾಗಿ ಸಿಗುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದರು. ಆಗ ಅದನ್ನು ಪರೀಕ್ಷೆಗೆ ಬಾರದ ವಿಷಯವೆಂದು ಬಿಟ್ಟಿದ್ದಳು. ಈಗ ಹುಡುಕಿ ತೆಗೆದಳು. ನಮ್ಮ ದೇಶದ್ದೇ ಆದ ಒಂದು ಮಾನಕವೂ ಅದರ ಜೊತೆ ಸಿಕ್ಕಿತು.

ಎಲ್ಲ ಇಂಗ್ಲಿಷಿನಲ್ಲಿತ್ತು. ಅದೂ ಕೋರ್ಟಿನ ಕಾಗದದಂಥ ಇಂಗ್ಲಿಷು. ಜೀರುಂಡೆಯ ವೇಗದಲ್ಲಿ ಕೇಳುತ್ತಿದ್ದವಳು ಧ್ವನಿಯನ್ನು ಎಳೆಮಕ್ಕಳಿಗೆ ಪಾಠ ಹೇಳುವಷ್ಟು ನಿಧಾನಕ್ಕೆ ಇಳಿಸಬೇಕಾಯಿತು. ಒಂದೊಂದು ವಾಕ್ಯಕ್ಕೆ ನಾಲ್ಕು ಸಲ ನಿಘಂಟು ತೆಗೆಯಬೇಕಾಯಿತು. ಮೊದಲ ವಾರ ಏನೂ ತಲೆಗೆ ಹತ್ತಲಿಲ್ಲ. ಎರಡನೆಯ ವಾರ ಒಂದು ಗುಟ್ಟು ತಿಳಿಯಿತು: ಪ್ರತಿ ನಿಯಮಕ್ಕೂ ಮೂರು ಅಂಕಿಯ ಒಂದು ಗುರುತಿದೆ, ಮತ್ತು ಪ್ರತಿ ನಿಯಮದ ಹಿಂದೆಯೂ ತನ್ನಂಥ ಯಾರೋ ಒಬ್ಬರು ಎಲ್ಲೋ ಅಡ್ಡಬಿದ್ದ ಕಥೆಯಿದೆ. ಚಿತ್ರಕ್ಕೆ ಮಾತಿನ ಹೆಸರು ಇರಬೇಕು: ಒಂದು, ಒಂದು, ಒಂದು. ಬಟನ್ ತನ್ನ ಹೆಸರನ್ನೂ ಕೆಲಸವನ್ನೂ ತಾನೇ ಹೇಳಬೇಕು: ನಾಲ್ಕು, ಒಂದು, ಎರಡು. ಪುಟ ಯಾವ ಭಾಷೆಯದೆಂದು ಯಂತ್ರಕ್ಕೆ ತಿಳಿಸಿರಬೇಕು: ಮೂರು, ಒಂದು, ಒಂದು. ಮುಖ್ಯವಾದದ್ದನ್ನು ಅಳಿಸುವ ಮುಂಚೆ ಹೌದೇ ಎಂದು ಮತ್ತೊಮ್ಮೆ ಕೇಳಬೇಕು: ಮೂರು, ಮೂರು, ನಾಲ್ಕು. ಈ ಕೊನೆಯದನ್ನು ಅವಳು ಮೂರು ಸಲ ಓದಿಸಿಕೊಂಡಳು. ತಪ್ಪು ತನ್ನದೊಂದೇ ಅಲ್ಲ ಎಂದು ಕಂಡು ಕೇಳರಿಯದ ದೇಶದವರು ಎಂದೋ ಬರೆದಿಟ್ಟಿದ್ದರು.

ಅವಳು ಹೊಸ ಪುಟದ ಕನ್ನಡದ ಸಾಲುಗಳನ್ನೆಲ್ಲ ಎತ್ತಿ ಬೇರೆ ಕಡೆ ಅಂಟಿಸಿ, ಅಲ್ಲಿ ಕನ್ನಡದ ಧ್ವನಿಯಿಂದ ಓದಿಸಿಕೊಂಡಳು. ಅಕ್ಷರ ಎಷ್ಟು ಮಸುಕು ಎಂದು ಅಳೆದು ಹೇಳುವ ಒಂದು ಬಿಟ್ಟಿ ಸಾಧನಕ್ಕೂ ಪುಟವನ್ನು ಒಡ್ಡಿದಳು. ಹದಿನಾಲ್ಕು ತಪ್ಪು ಸಿಕ್ಕವು. ಒಂದೊಂದರ ಎದುರಿಗೂ ನಿಯಮದ ಅಂಕಿ ಬರೆದು, ಏನು ಮಾಡಿದರೆ ಸರಿಹೋಗುತ್ತದೆ ಎಂದೂ ಬರೆದು ಪ್ರಭಂಜನನಿಗೆ ಪತ್ರ ಕಳಿಸಿದಳು. ಒಂದು ತಿಂಗಳಾಯಿತು. ಉತ್ತರವಿಲ್ಲ.

ಹಂಗಾಮು ಮುಗಿದ ಮೇಲೆ, ಯುಗಾದಿಗೆ ಮುಂಚೆ, ಒಕ್ಕೂಟ ತನ್ನ ಸದಸ್ಯರ ಸಭೆ ಕರೆಯಿತು. ತಂದೆ ತೀರಿದ ಮೇಲೆ ಹೊಲ ತಾಯಿ ಗೌರಕ್ಕನ ಹೆಸರಿನಲ್ಲಿತ್ತು, ಹಾಗಾಗಿ ಸದಸ್ಯೆ ಅವಳೇ. ಗೌರಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಂಥ ಸಭೆಗೆ ಹೋದವಳೂ ಅಲ್ಲ. ಆದರೆ ಮಗಳು ಹೋಗೂಣು ಎಂದಾಗ ಸೀರೆ ಬದಲಿಸಿ ಹೊರಟಳು. ಹೊಳೆಪ್ಪನೂ ಜೊತೆಗೆ ಬಂದ.

ಸಭಾಭವನದಲ್ಲಿ ಇನ್ನೂರು ಜನ ಇದ್ದಿರಬೇಕು. ಪ್ರಭಂಜನ ಹೊಸ ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ ವಿವರಿಸಿದ. ಚಪ್ಪಾಳೆ ಬಿತ್ತು. ಪ್ರಶ್ನೆ ಕೇಳುವವರು ಕೇಳಬಹುದು ಎಂದಾಗ ಗೌರಕ್ಕ ಎದ್ದು ನಿಂತು, ನನ್ನ ಪರವಾಗಿ ಮಗಳು ಮಾತಾಡುತ್ತಾಳೆ ಎಂದು ಹೇಳಿ ಕೂತಳು.

ಸೌಂದರ್ಯಾ ಹೊಳೆಪ್ಪನ ತೋಳು ಹಿಡಿದು ಮುಂದೆ ಬಂದಳು. ತನ್ನ ಫೋನನ್ನು ಪ್ರಭಂಜನನ ಕೈಗೆ ಕೊಟ್ಟು, ಅದರ ಧ್ವನಿ ಎಲ್ಲರಿಗೂ ಕೇಳಲಿ ಎಂದು ಮೈಕನ್ನು ಹತ್ತಿರ ಹಿಡಿಸಿದಳು.

“ಸರ್, ಇದರಾಗಿನ ಪಾಳಿ ತಿದ್ದಿ ತೋರಸ್ರಿ. ಇದು ನಮ್ಮ ಕಾಕಾ ಪರೀಕ್ಷಾಕ್ಕಂತ ಹಚ್ಚಿದ ಪಾಳಿ, ಕೆಟ್ಟರ ಯಾರದೂ ಹಾಳಾಗೂದಿಲ್ಲ. ಪರದಿ ಕಪ್ಪ ಮಾಡೇನಿ. ನನಗ ಹೆಂಗೋ ನಿಮಗೂ ಹಂಗ. ಬರೇ ಕೇಳಿ ಮಾಡ್ರಿ.”

ಕಣ್ಣಿಲ್ಲದವರು ಬಳಸುವ ಆ ವ್ಯವಸ್ಥೆಯಲ್ಲಿ ಪರದೆಯನ್ನು ಪೂರ್ತಿ ಆರಿಸಿ, ಧ್ವನಿಯನ್ನಷ್ಟೇ ಉಳಿಸಿಕೊಳ್ಳಬಹುದು. ಅವಳು ಹಾಗೇ ಮಾಡಿದ್ದಳು. ಪ್ರಭಂಜನ ಒಲ್ಲೆ ಎನ್ನಬಹುದಿತ್ತು. ಇನ್ನೂರು ಜನರ ಎದುರಿಗೆ ಹಾಗೆನ್ನುವುದು ಸುಲಭವಿರಲಿಲ್ಲ ನಿಜ. ಆದರೆ ಅವನು ಒಲ್ಲದ ಮನಸ್ಸಿನಿಂದ ಮಾಡಲಿಲ್ಲ ಎಂಬುದು ಅವನ ಬೆರಳಿನ ಸದ್ದಿನಿಂದಲೇ ಅವಳಿಗೆ ತಿಳಿಯಿತು. ಹೇಗೆ ಮುಟ್ಟಬೇಕೆಂದು ಅವಳು ಹೇಳಿಕೊಟ್ಟಳು: ಒಮ್ಮೆ ಮುಟ್ಟಿದರೆ ಫೋನ್ ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾಡುತ್ತದೆ.

‘ಬಟನ್’ ಎಂದಿತು ಫೋನ್. ಸಭಾಭವನದ ತುಂಬ ಆ ಸದ್ದು. ‘ಬಟನ್. ಚಿತ್ರ. ಬಟನ್.’ ಆಮೇಲೆ ಇಂಗ್ಲಿಷಿನಲ್ಲಿ ಹನ್ನೆರಡು. ಆಮೇಲೆ ಏನೂ ಇಲ್ಲ. ಹಿಂದೆ ಯಾರೋ ನಕ್ಕರು, ಆಮೇಲೆ ನಗು ನಿಂತಿತು. ಪ್ರಭಂಜನ ನಾಲ್ಕು ನಿಮಿಷ ತಡಕಾಡಿದ. ಕೊನೆಗೆ ಒಂದನ್ನು ಎರಡು ಸಲ ತಟ್ಟಿದ. ಸೌಂದರ್ಯಾ ಪರದೆ ಬೆಳಗಿಸಿ, ಏನಾಗಿದೆ ಓದಿರಿ ಎಂದಳು.

“ನಿಮ್ಮ ಪಾಳಿ ರದ್ದಾಗಿದೆ” ಎಂದು ಓದಿದ.

ಆಗ ಯಾರೂ ನಿರೀಕ್ಷಿಸದ್ದು ನಡೆಯಿತು. ನಡುವಿನ ಸಾಲಿನಿಂದ ಗೂಳಪ್ಪ ಎಂಬುವನು ಎದ್ದು ನಿಂತ. ಅರವತ್ತರ ರೈತ, ತಾಲೂಕಿನಲ್ಲೇ ಒಳ್ಳೆಯ ಕಾಯಿ ಬೆಳೆಯುತ್ತಾನೆಂದು ಹೆಸರಾದವನು. ಸೌಂದರ್ಯಾಳ ಪತ್ರದಲ್ಲಿ ಬಣ್ಣದ ಮಾತೇನಾದರೂ ಇದೆಯೇ ಎಂದು ಕೇಳಿದ. ಇದೆ, ಎಂಟನೆಯದು ಎಂದಳು ಅವಳು. ಪುಟದಲ್ಲಿ ‘ಹಸಿರು ದಿನ ಆರಿಸಿ, ಕೆಂಪು ದಿನ ಭರ್ತಿಯಾಗಿದೆ’ ಎಂದಷ್ಟೇ ಬರೆದಿದ್ದಾರೆ, ಬರೀ ಬಣ್ಣದಿಂದ ಏನನ್ನೂ ಹೇಳಬಾರದೆಂದು ನಿಯಮವಿದೆ, ಒಂದು, ನಾಲ್ಕು, ಒಂದು ಎಂದಳು.

“ನನಗ ಕೆಂಪು ಹಸರು ಬ್ಯಾರೆ ಬ್ಯಾರೆ ಕಾಣೂದಿಲ್ರಿ” ಎಂದ ಗೂಳಪ್ಪ. “ಹುಟ್ಟಿದಾಗಿಂದ ಹಂಗ. ಕಾಯಿ ಹಣ್ಣಾಗೇತೋ ಇಲ್ಲೋ ಕೈಯಾಗ ಹಿಡದ ತಿಳೀತೇನಿ, ಇಲ್ಲಂದ್ರ ನಮ್ಮಾಕಿನ್ನ ಕೇಳ್ತೇನಿ. ಮೆಣಸಿನಕಾಯಿ ಬೆಳಿಯಾಂವಗ ಬಣ್ಣ ಕಾಣೂದಿಲ್ಲ ಅಂದ್ರ ಮಂದಿ ನಗತಾರಂತ ಯಾರ ಮುಂದೂ ಹೇಳಿರಲಿಲ್ಲ. ಈ ವರ್ಷ ಎರಡ ಸರ್ತಿ ಭರ್ತಿಯಾದ ದಿನಾನ ಒತ್ತಿ ವಾಪಸ್ ಬಂದೇನಿ.”

ಯಾರೂ ನಗಲಿಲ್ಲ. ಗೂಳಪ್ಪನ ಹಿಂದೆಯೇ ಇನ್ನೊಬ್ಬ ಎದ್ದು, ಅಕ್ಷರ ತೀರ ಮಸುಕು, ಬಿಸಿಲಲ್ಲಿ ಓದಲಾಗುವುದಿಲ್ಲ ಎಂದ. ಅದು ಅವಳ ಪತ್ರದ ಹನ್ನೊಂದನೆಯದು. ತುಂಬುವಷ್ಟರಲ್ಲೇ ಹೊತ್ತು ಮುಗಿದು ಪುಟ ಮುಚ್ಚಿಹೋಗುತ್ತದೆ ಎಂದು ಒಬ್ಬ ಮುದುಕಿ ಹೇಳಿದಳು. ಅದು ಆರನೆಯದು. ಹೀಗೆ ಒಬ್ಬರ ಹಿಂದೆ ಒಬ್ಬರು ಏಳುತ್ತ ಹೋದರು. ಸೌಂದರ್ಯಾ ಒಂದೊಂದಕ್ಕೂ ಅಂಕಿ ಹೇಳುತ್ತಾ ಹೋದಳು. ತಾನು ತನ್ನ ಒಬ್ಬಳ ದೂರು ಬರೆದೆನೆಂದುಕೊಂಡಿದ್ದಳು. ಸಭಾಭವನದ ಕಾಲುಭಾಗ ಜನರದನ್ನು ಬರೆದಿದ್ದಳು.

ಪ್ರಭಂಜನ ಮೈಕು ತೆಗೆದುಕೊಂಡ. ಪತ್ರ ಬಂದದ್ದು ನಿಜ, ಓದಿದ್ದೂ ನಿಜ, ಒಬ್ಬರ ಸಲುವಾಗಿ ಇಷ್ಟೆಲ್ಲ ಬದಲಿಸಬೇಕೇ ಎಂದು ಬದಿಗಿಟ್ಟದ್ದೂ ನಿಜ ಎಂದು ಎಲ್ಲರೆದುರಿಗೆ ಒಪ್ಪಿಕೊಂಡ. “ತಪ್ಪು ನನ್ನದದ. ಇದನ್ನ ತಿದ್ದೋದಕ್ಕ ಸೌಂದರ್ಯಾ ಅವರು ನಮ್ಮ ಜೋಡಿ ಕೂಡಬೇಕಂತ ಕೇಳ್ಕೋತೇನಿ” ಎಂದ. ಅವಳು ಒಂದು ಮಾತು ಕೇಳಿದಳು. ತಿದ್ದಿದ ಪುಟವನ್ನು ಪರೀಕ್ಷೆ ಮಾಡಿ ತಾನು ಸೈ ಎನ್ನುವ ತನಕ ಅದು ರೈತರ ಕೈಗೆ ಬರಬಾರದು. ಸಭೆ ಕೈ ಎತ್ತಿ ಒಪ್ಪಿತು. ಎಷ್ಟು ಕೈ ಎದ್ದವು ಎಂದು ಹೊಳೆಪ್ಪ ಅವಳ ಕಿವಿಯಲ್ಲಿ ಹೇಳಿದ: ಎಣಿಸಲಿಕ್ಕೆ ಆಗುವುದಿಲ್ಲ, ಎಲ್ಲವೂ.

ಮಳೆಗಾಲವೆಲ್ಲ ಆ ಕೆಲಸ ನಡೆಯಿತು. ಹುಬ್ಬಳ್ಳಿಯ ಕಂಪನಿಯಿಂದ ಜ್ಯೋತ್ಸ್ನಾ ಎಂಬ ಹುಡುಗಿ ವಾರಕ್ಕೊಮ್ಮೆ ಕುಬಿಹಾಳಕ್ಕೆ, ಸೌಂದರ್ಯಾಳ ಮನೆಗೆ ಬರುತ್ತಿದ್ದಳು. ಈ ಮಾನದಂಡದ ಹೆಸರು ತನಗೂ ಗೊತ್ತಿತ್ತು, ಕೇಳುವವರಿಲ್ಲವೆಂದು ಮಾಡಿರಲಿಲ್ಲ ಎಂದು ಮೊದಲ ದಿನವೇ ಹೇಳಿದಳು. ಅವಳು ಮಾಡಿದ್ದನ್ನು ಸೌಂದರ್ಯಾ ಕೇಳಿ ನೋಡುವುದು, ತಪ್ಪಿದ್ದಲ್ಲಿ ನಿಲ್ಲಿಸುವುದು. ಕೆಲವು ಸಲ ಇಬ್ಬರಿಗೂ ಜಟಾಪಟಿಯಾಗುತ್ತಿತ್ತು. ಒಂದು ಬಟನ್ನಿಗೆ ಜ್ಯೋತ್ಸ್ನಾ ‘ಸಲ್ಲಿಸಿ’ ಎಂದು ಹೆಸರಿಟ್ಟಳು. ಏನನ್ನು ಸಲ್ಲಿಸುವುದು, ಯಾರಿಗೆ ಸಲ್ಲಿಸುವುದು ಎಂದು ಸೌಂದರ್ಯಾ ಬಿಡಲಿಲ್ಲ. ಕೊನೆಗೆ ಅದು ‘ಪಾಳಿ ಹಚ್ಚಿರಿ’ ಎಂದಾಯಿತು.

ಭಾಷೆಯ ಗುರುತನ್ನು ಸರಿಪಡಿಸಿದ ದಿನವನ್ನು ಅವಳು ಮರೆಯುವಂತಿರಲಿಲ್ಲ. ಅದು ಪುಟದ ತಲೆಯಲ್ಲಿ ಎರಡೇ ಅಕ್ಷರದ ಬದಲಾವಣೆ ಎಂದು ಜ್ಯೋತ್ಸ್ನಾ ಹೇಳಿದಳು. ಇಂಗ್ಲಿಷ್ ಎಂದಿದ್ದಲ್ಲಿ ಕನ್ನಡ ಎಂದು ಬರೆದಳು, ಅಷ್ಟೆ. ಸೌಂದರ್ಯಾ ಪುಟವನ್ನು ಮತ್ತೆ ತೆರೆದಳು. ಅಷ್ಟು ತಿಂಗಳು ಬಾಯಿ ಮುಚ್ಚಿದ್ದ ಪುಟ, ‘ನಮಸ್ಕಾರ, ಯಾವ ದಿನ ಕಾಯಿ ತರುತ್ತೀರಿ?’ ಎಂದು ಸ್ಪಷ್ಟ ಕನ್ನಡದಲ್ಲಿ ಕೇಳಿತು. ಇಬ್ಬರೂ ಕೆಲಸ ಬಿಟ್ಟು ಅದನ್ನೇ ನಾಲ್ಕು ಸಲ ಕೇಳಿದರು.

ಡಿಸೆಂಬರಿನಲ್ಲಿ ಅವಳು ಸೈ ಎಂದಳು. ಪ್ರಭಂಜನ ಒಂದು ಸಮಾರಂಭ ಮಾಡಿ ಶಾಲು ಹೊದಿಸಬೇಕೆಂದಿದ್ದ. ಆಮಂತ್ರಣದ ಕರಡಿನಲ್ಲಿ ‘ಅಂಧ ಪ್ರತಿಭೆ’ ಎಂದು ಬರೆದಿದ್ದನ್ನು ಓದಿಸಿಕೊಂಡು ಅವಳು ಬೇಡವೆಂದಳು. ಅದರ ಬದಲು ಪುಟದ ಕೊನೆಯಲ್ಲಿ ಒಂದು ಸಾಲು ಹಾಕಿಸಿದಳು. ಈ ಪುಟ ಯಾವ ಮಾನದಂಡಕ್ಕೆ ತಕ್ಕಂತೆ ಇದೆ, ತೊಂದರೆಯಾದರೆ ಯಾರಿಗೆ ಹೇಳಬೇಕು ಎಂಬ ಸಾಲು. ಅದರ ಕೆಳಗೆ, ಪರೀಕ್ಷೆ ಮಾಡಿದವರು ಎಂದು ಅವಳ ಹೆಸರು ಮತ್ತು ಊರು. ಬೇರೆ ವಿಶೇಷಣ ಇರಲಿಲ್ಲ. ಜನವರಿ ಮೊದಲ ವಾರ ನವಲಗುಂದದ ಹೆಸರುಕಾಳು ಬೆಳೆಗಾರರ ಸಂಘದವರು ಆ ಸಾಲು ನೋಡಿ ಫೋನ್ ಮಾಡಿದರು. ತಮ್ಮ ಪುಟವನ್ನೂ ನೋಡಿಕೊಡಬೇಕು ಎಂದರು. ಮಾಡುವ ಮುಂಚೆ ಕರೆಯಿರಿ, ಮಾಡಿಯಾದ ಮೇಲೆ ಬೇಡ ಎಂದಳು. ಅವರು ಒಪ್ಪಿದರು. ಗ್ರಂಥಾಲಯದ ಮೇಜಿನ ಮುಂದೆ ಜನ ಮತ್ತೆ ಕೂರತೊಡಗಿದ್ದರು, ಎಲ್ಲರಿಗಿಂತ ಮೊದಲು ಬಂದವನು ಹೊಳೆಪ್ಪ.

ಆ ತಿಂಗಳ ಎರಡನೆಯ ವಾರ ಅವರ ಹೊಲದ ಕಾಯಿಯೂ ಒಣಗಿ ಚೀಲ ಸೇರಿತು. ಭಾನುವಾರ ಬೆಳಿಗ್ಗೆ ಸೌಂದರ್ಯಾ ಹಿತ್ತಲಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪಡಸಾಲೆಯಿಂದ ಫೋನಿನ ದನಿ ಕೇಳಿತು. ತನ್ನ ವೇಗವಲ್ಲ, ತೀರ ನಿಧಾನದ ದನಿ. ‘ಪಾಳಿ ಹಚ್ಚಿರಿ, ಬಟನ್’ ಎಂದಿತು. ಸ್ವಲ್ಪ ಹೊತ್ತು ಮೌನ. ಎರಡು ಸಲ ತಟ್ಟಿದ ಸದ್ದು. ‘ಮಂಗಳವಾರ, ಜಾಗ ಇದೆ.’ ಮತ್ತೆ ಮೌನ, ಮತ್ತೆ ತಟ್ಟಿದ ಸದ್ದು.

ಅವಳಿಗೆ ಮೊದಲು ತಿಳಿಯಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದಕ್ಷರವನ್ನೂ ಓದಲು ಬಾರದ ಗೌರಕ್ಕ, ಕಾಗದವೆಂದರೆ ಹೆಬ್ಬೆಟ್ಟು ಮುಂದೆ ಮಾಡಿ ಮುಖ ತಿರುಗಿಸಿಕೊಳ್ಳುತ್ತಿದ್ದ ಗೌರಕ್ಕ, ತನ್ನ ಫೋನಿನಲ್ಲಿ ಮಗಳಂತೆಯೇ ಧ್ವನಿ ಹಚ್ಚಿಕೊಂಡು ಒಬ್ಬಳೇ ಕೂತಿದ್ದಳು. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಮಳೆಗಾಲವೆಲ್ಲ ಜ್ಯೋತ್ಸ್ನಾಳಿಗೆ ಚಹಾ ಕೊಡುತ್ತ, ಬಾಗಿಲ ಬಳಿ ನಿಂತು ಅವಳು ಕೇಳಿಸಿಕೊಂಡದ್ದು ಇಷ್ಟು ಎಂದು ಸೌಂದರ್ಯಾಳಿಗೆ ಆಗ ಗೊತ್ತಾಯಿತು. ಎದ್ದು ಹೋಗಿ ಸಹಾಯ ಮಾಡಬೇಕೆನ್ನಿಸಿತು. ಮಾಡಲಿಲ್ಲ. ಎಣ್ಣೆಯ ಕೈ ತಲೆಯ ಮೇಲೆಯೇ ಇಟ್ಟುಕೊಂಡು ಕೇಳಿದಳು.

‘ಎಷ್ಟು ಚೀಲ?’ ಎಂದಿತು ಫೋನ್. ಗೌರಕ್ಕ ಒಂದೊಂದೇ ಅಂಕಿ ಮುಟ್ಟುತ್ತ ಹೋದಳು, ಏಳು ಎಂದಾಗ ನಿಂತಳು, ತಟ್ಟಿದಳು. ‘ಮಂಗಳವಾರ, ಏಳು ಚೀಲ. ಸರಿಯೇ?’ ಎಂದಿತು. “ಹೌದು” ಎಂದು ಗೌರಕ್ಕ ಬಾಯಿಯಿಂದಲೂ ಹೇಳಿ, ಕೈಯಿಂದಲೂ ತಟ್ಟಿದಳು.

‘ನಿಮ್ಮ ಪಾಳಿ ಗೊತ್ತಾಗಿದೆ.’

ಗೌರಕ್ಕ ಹಿತ್ತಲಿಗೆ ಬಂದಳು. “ಮಂಗಳವಾರ ಐತಿ ಬೇ. ಬೆಳಿಗ್ಗೆ ಗಾಡಿ ಹೇಳಬೇಕು” ಎಂದಳು, ದಿನಾ ಮಾಡುವ ಕೆಲಸವೆಂಬಂತೆ. ಸೌಂದರ್ಯಾ ಆಗಲಿ ಎಂದಳು.

ಗೌರಕ್ಕ ಅಲ್ಲಿ ನಿಲ್ಲಲೂ ಇಲ್ಲ. ಫೋನ್ ಹಿಡಿದುಕೊಂಡು ಬಾಜು ಮನೆಯ ಜಮಾಲಬಿಯ ಅಂಗಳಕ್ಕೆ ನಡೆದಳು. ಗೋಡೆಯಾಚೆಯಿಂದ ಫೋನ್ ಮತ್ತೆ ಮೊದಲಿನಿಂದ, ನಿಧಾನವಾಗಿ, ಕನ್ನಡದಲ್ಲಿ ನಮಸ್ಕಾರ ಎನ್ನುವುದು ಕೇಳಿಸಿತು.